ಅರ್ಧ ಸುತ್ತು

ಲಿಂಗರಾಜಪುರದಲ್ಲಿ ಹಳೆ ಟಯರಿಗೆ ಹೊಸ ಪಟ್ಟಿ ಹಾಕುವ ಅಂಗಡಿ.
ಅದರ ಮಹಡಿ ನಮ್ಮ ಸಭೆ.
ಶಿಲುಬೆ ಇಲ್ಲ, ಗಂಟೆ ಇಲ್ಲ, ನಿಲುವಂಗಿ ತೊಟ್ಟ ಅಯ್ಯನವರಿಲ್ಲ,
ಸುಟ್ಟ ರಬ್ಬರಿನ ವಾಸನೆಯೇ ಧೂಪ.
ಮೂವತ್ತೆರಡು ಮಡಚುವ ಕುರ್ಚಿ, ಒಂದೊಂದರ ಬೆನ್ನಿಗೂ
'ಮುನಾವರ್ ಶಾಮಿಯಾನ' ಎಂದು ಬಿಳಿ ಬಣ್ಣದಲ್ಲಿ.

ಓಡ್ವಾರ್ ನಾರ್ವೆಯವನು.
ಪೀಣ್ಯದ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು,
ಕೂರಿಸಿ, ತಾನೂ ಕೂತುಬಿಟ್ಟವನು.
ಪಾದ್ರಿಯಲ್ಲ, ಸಂಬಳವಿಲ್ಲ.
"ಸರ್ಕಾರದ ಚರ್ಚು ಬಿಟ್ಟು ಬಂದವರ ಮೊಮ್ಮಕ್ಕಳು ನಾವು,
ನಮ್ಮಲ್ಲಿ ಮೀನುಗಾರ ಮಾತಾಡುತ್ತಾನೆ, ಬಡಗಿ ಮಾತಾಡುತ್ತಾನೆ,
ನೀನೂ ಮಾತಾಡು."
ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವನ ಹಾಗೆ
ಅವನ ಕನ್ನಡ.

ಹಳೆ ಚರ್ಚಿನಲ್ಲಿ ಅಪ್ಪ ಕಲಿತದ್ದು ಇಷ್ಟು:
ವಾರವೆಲ್ಲ ಕೊಳೆ, ಭಾನುವಾರ ಒಗೆತ.
ಓಡ್ವಾರ್ ಕೇಳಿದ, ಕೆಸರಿಗೆ ಇಳಿಯುವುದೇ ಯಾಕೆ?
ಯೇಸುವಿಗೂ ನಮ್ಮಂಥದೇ ಮೈ, ನಮ್ಮಂಥದೇ ಸೆಳೆತ,
ಸೆಳೆದ ಕ್ಷಣದಲ್ಲೇ ಒಲ್ಲೆ ಅಂದ.
ಕೈಮುಗಿದರೆ ಸಾಲದು, ಹಿಂದೆ ನಡಿ.
ಯುದ್ಧ ನಿನ್ನೊಳಗೆ,
ಯಾರಿಗೂ ಕಾಣದಷ್ಟು ಸಣ್ಣದು.

ಅಪ್ಪ ಜೀವರತ್ನ, ಶಿವಾಜಿನಗರದಲ್ಲಿ ಆಟೋ ಮೀಟರು ರಿಪೇರಿ.
ಸಣ್ಣದು ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ.
ಸಾಸಿವೆಗಿಂತ ಸ್ವಲ್ಪ ದಪ್ಪದ ಒಂದು ತಿರುಪು,
ಅರ್ಧ ಸುತ್ತು ತಿರುಗಿಸಿದರೆ
ಮೆಜೆಸ್ಟಿಕ್ಕಿಗೆ ಎರಡು ರೂಪಾಯಿ ಹೆಚ್ಚು.
ಡ್ರೈವರುಗಳು ಬರುತ್ತಿದ್ದದ್ದೇ ಅದಕ್ಕೆ.
ದೀಕ್ಷಾಸ್ನಾನವಾಯಿತು. ಮರುದಿನ "ಆಗಲ್ಲಪ್ಪ" ಅಂದರು.
ಅಂಗಡಿ ಮುಂದೆ ನೊಣ.
ನಮ್ಮಮ್ಮ ಸಮಾಧಾನಮ್ಮ, ಹೆಸರಿಗೆ ಮಾತ್ರ,
"ನಿಮಗೇನೋ ಜಯವಾಯಿತು, ಅಕ್ಕಿ ಡಬ್ಬ ಸೋತಿದೆ" ಅಂದಳು.
ಅಪ್ಪನ ಕಿವಿ ಕೆಂಪಾಯಿತು.
ಕೆಂಪನ್ನು ನುಂಗುವುದೂ ಸಭೆಯ ಪಾಠ,
ನುಂಗಿದರು. ಗಂಟಲಲ್ಲಿ ಅದು ಇಳಿಯುವುದು ಕಾಣುತ್ತಿತ್ತು.

ಹದಿನಾಲ್ಕನೆಯ ವಯಸ್ಸಿಗೆ ನಾನು ಎದ್ದು ನಿಂತು ಕೇಳಿದೆ:
ಗೆದ್ದವರು ಯಾಕೆ ಇಷ್ಟು ಮೆಲ್ಲಗೆ ನಗುತ್ತಾರೆ?
ಕುರ್ಚಿಗಳು ಕಿರುಗುಟ್ಟಿದವು.
ಓಡ್ವಾರ್ ಬಹಳ ಹೊತ್ತು ತನ್ನ ಅಂಗೈ ನೋಡಿದ.
"ಗೊತ್ತಿಲ್ಲ ತಂಗಿ. ಮನೆಗೆ ಹೋಗಿ ಯೋಚಿಸುತ್ತೇನೆ."

ಆಮೇಲೆ ತಿಳಿಯಿತು, ಒಂದು ಮೀಟರು ಇತ್ತು.
ಸ್ನಾನವಾದ ಮೇಲೆ, ನನ್ನ ಸ್ಕೂಲ್ ಫೀಸಿನ ತಿಂಗಳು,
ಒಂದೇ ಒಂದು.
ನಂಬರು ನೆನಪಿಲ್ಲ.
ಹಿಂದೆ 'ತಾಯಿಯ ಆಶೀರ್ವಾದ' ಎಂದು ಬರೆದಿತ್ತಂತೆ.
ಬೆಂಗಳೂರಿನಲ್ಲಿ!
ಹನ್ನೊಂದು ವರ್ಷ ಅಪ್ಪ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ತಿರುಗಿದರು,
ಅಂಗಿ ಜೇಬಿನಲ್ಲಿ ತಿರುಪುಳಿ, ಬೈಬಲ್ಲಿನ ಮಗ್ಗುಲಿಗೆ.
"ಸ್ವಲ್ಪ ಮೀಟರು ನೋಡಲಾ?"
ಬೈಸಿಕೊಂಡರು, ಟೀ ಕುಡಿಸಿಕೊಂಡರು,
ಟ್ಯಾನರಿ ರೋಡಿನಲ್ಲಿ ಒಬ್ಬ, ಆರ್‌ಟಿಓ ಕಡೆಯವನೆಂದು
ಎರಡು ಬಿಟ್ಟೇಬಿಟ್ಟ.
ಓಡ್ವಾರ್ ಅಂದ, ಕ್ಷಮೆ ಸಿಕ್ಕಿದೆಯಲ್ಲ, ಸಾಕು ಬಿಡು.
"ಕ್ಷಮೆ ಸಿಕ್ಕಿದೆ ಅಣ್ಣ, ಮೀಟರು ಸಿಕ್ಕಿಲ್ಲ."
ಅವತ್ತು ಇಬ್ಬರೂ ನಕ್ಕದ್ದು ಕೆಳಗೆ
ಟಯರಿನವರಿಗೂ ಕೇಳಿಸಿತು.

ನಾನೀಗ ಸಭೆಗೆ ಹೋಗುವುದಿಲ್ಲ. ಅಂಗಡಿಯ ಜಾಗದಲ್ಲಿ ಜಿಮ್.
ಮೀಟರಿನ ಮೇಲೆ ಟವೆಲು, ಬಾಡಿಗೆ ಮೊಬೈಲೇ ಹೇಳುತ್ತದೆ.
ಮೊನ್ನೆ ಹೆಣ್ಣೂರು ಸಿಗ್ನಲ್ಲಿನಲ್ಲಿ ಮುಂದೆ ಮೂರು ಆಟೋ,
ಮೂರರ ಬೆನ್ನಿಗೂ ಅದೇ ತಾಯಿ.
ಎಡಗಡೆಯವನಿಗೆ ವಯಸ್ಸಾಗಿತ್ತು, ಮೀಸೆ ಪೂರ್ತಿ ಬೆಳ್ಳಗೆ.
ಕೇಳಬೇಕು ಅನಿಸಿತು,
ಶಿವಾಜಿನಗರ, ತೆಳ್ಳಗಿನ ಒಬ್ಬ ಮನುಷ್ಯ, ಕಿವಿ ಬೇಗ ಕೆಂಪಾಗುತ್ತಿತ್ತು...
ಕೇಳಲಿಲ್ಲ. ಹಸಿರು ಬಿತ್ತು.
ಹೆಬ್ಬೆರಳು ತೋರುಬೆರಳು ಮಾತ್ರ
ಮಡಿಲಲ್ಲಿ ತಾವಾಗಿ ಸೇರಿ
ಅರ್ಧ ಸುತ್ತು
ಹಿಂದಕ್ಕೆ ತಿರುಗಿದವು.